ಮಗ್ಗದ ಅಗಲ, ಮೈಯ ಅಳತೆ: ಕನ್ನಡ ನಾಡಿನ ಮನೆಹೊಲಿಗೆಯ ಚರಿತ್ರೆ

ಕರ್ನಾಟಕದ ಉಡುಪಿನ ಚರಿತ್ರೆಯನ್ನು ಬರೆದವರು ಇಳಕಲ್ಲಿನ ಸೀರೆ, ಮೊಳಕಾಲ್ಮುರಿನ ರೇಷ್ಮೆ, ಗುಳೇದಗುಡ್ಡದ ಖಣ ಎಂದು ಮಗ್ಗದ ಬಳಿಯೇ ಹೆಚ್ಚು ಹೊತ್ತು ನಿಂತಿದ್ದಾರೆ. ಮಗ್ಗದಿಂದ ಇಳಿದ ಬಟ್ಟೆ ಮೈಗೆ ಏರುವ ಮೊದಲು ಮನೆಯ ಪಡಸಾಲೆಯಲ್ಲಿ ಕತ್ತರಿ ಮತ್ತು ಸೂಜಿಗಳಿಂದ ನಡೆದ ಕೆಲಸವನ್ನು ಕುರಿತು ಬರೆದವರು ವಿರಳ. ನೇಕಾರನ ಬಟ್ಟೆ ಸಂತೆಗೆ ಹೋಗುತ್ತಿದ್ದುದರಿಂದ ಅದಕ್ಕೆ ತೆರಿಗೆಯಿತ್ತು, ತೆರಿಗೆಯಿದ್ದುದರಿಂದ ಶಾಸನಗಳಲ್ಲಿ ಉಲ್ಲೇಖವೂ ಉಳಿಯಿತು. ಹೆಂಗಸರು ಮನೆಮಂದಿಗಾಗಿ ಹೊಲಿದ ಹೊಲಿಗೆಗೆ ಕೂಲಿಯೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ. ಆದ್ದರಿಂದ ಈ ಚರಿತ್ರೆಯನ್ನು ಉಳಿದುಬಂದ ಉಡುಪುಗಳ ಕಟ್ಟಿನಿಂದ, ಮನೆಗಳಲ್ಲಿ ಉಳಿದ ಪದ್ಧತಿಗಳಿಂದ ಹೆಕ್ಕಿ ತೆಗೆಯಬೇಕಾಗುತ್ತದೆ. ಹಾಗೆ ನೋಡಿದಾಗ ಮುಖ್ಯವಾದ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಬಹುಕಾಲ ಮನೆಯಲ್ಲಿ ಹೊಲಿದ ಉಡುಪಿನ ಆಕಾರವನ್ನು ತೀರ್ಮಾನಿಸಿದ್ದು ತೊಡುವವರ ಮೈಗಿಂತ ಹೆಚ್ಚಾಗಿ ಬಟ್ಟೆಯ ಅಗಲ.

ಹೊಲಿದ ಉಡುಪು ಈ ನೆಲಕ್ಕೆ ಮುಸಲ್ಮಾನ ಅರಸರೊಡನೆ ಬಂದಿತೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಅದು ನಿಲ್ಲುವ ಮಾತಲ್ಲ. ಸಿಂಧೂ ಬಯಲಿನ ನೆಲೆಗಳಲ್ಲಿ ಸೂಜಿಗಳು ದೊರೆತಿವೆ. ಅಜಂತೆಯ ಗುಹಾಚಿತ್ರಗಳಲ್ಲಿ ಹೊಲಿದ ಕಂಚುಕ ತೊಟ್ಟ ಆಕೃತಿಗಳಿವೆ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದು, ಆ ಹೊತ್ತಿಗೆ ಹೊಲಿಗೆಯು ಹೆಸರಿನೊಡನೆ ಸೇರಿಕೊಳ್ಳುವಷ್ಟು ನೆಲೆಗೊಂಡ ಕಸುಬಾಗಿತ್ತೆಂಬುದಕ್ಕೆ ಅವನ ಹೆಸರೇ ಸಾಕ್ಷಿ. ದಖ್ಖನದ ಸುಲ್ತಾನರ ಕಾಲದಲ್ಲಿ ಬದಲಾದದ್ದು ಹೊಲಿದ ಉಡುಪಿಗೆ ಸಿಕ್ಕ ರಾಜಮರ್ಯಾದೆ. ವಿಜಯನಗರದ ಆಸ್ಥಾನದ ಗಂಡಸರು ಕಬಾಯಿ ಎಂಬ ಉದ್ದನೆಯ ನಿಲುವಂಗಿಯನ್ನೂ ಕುಲ್ಲಾಯಿ ಎಂಬ ಎತ್ತರದ ಟೊಪ್ಪಿಗೆಯನ್ನೂ ತೊಡುತ್ತಿದ್ದುದನ್ನು 16ನೆಯ ಶತಮಾನದ ಲೇಪಾಕ್ಷಿಯ ವರ್ಣಚಿತ್ರಗಳು ಸ್ಪಷ್ಟವಾಗಿ ತೋರಿಸುತ್ತವೆ. ಆದರೆ ಅಂಥ ಉಡುಪನ್ನು ಹೊಲಿಯುವುದು ಕಸುಬುದಾರರ ಕೆಲಸ. ಚಿಪ್ಪಿಗರು, ಸಿಂಪಿಗರು, ಮುಂದೆ ದರ್ಜಿಗಳು ಎಂದು ಕರೆಯಲ್ಪಟ್ಟವರು ಅದನ್ನು ಮಾಡಿದರು. ಸೀರೆ, ಪಂಚೆ, ರುಮಾಲು, ಶಲ್ಯಗಳೆಂಬ ಹೊಲಿಗೆಯಿಲ್ಲದ ಬಟ್ಟೆಗಳಲ್ಲೇ ದಿನ ಕಳೆಯುತ್ತಿದ್ದ ಸಾಮಾನ್ಯ ಮನೆಗಳಲ್ಲಿ ಸೂಜಿಗೆ ಉಳಿದ ಮುಖ್ಯ ಉಡುಪು ಹೆಂಗಸರ ಕುಪ್ಪಸ.

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣವು ಕುಪ್ಪಸಕ್ಕೆಂದೇ ಹುಟ್ಟಿದ ಬಟ್ಟೆ: ಕಿರಿದಾದ ಅಗಲ, ಎರಡೂ ಬದಿಗೆ ದಡಿ, ನಡುವೆ ಮಗ್ಗದಲ್ಲೇ ಎತ್ತಿದ ಸಣ್ಣ ಬುಟ್ಟಾಗಳು. ಹಳೆಯ ಬಗೆಯ ಕುಪ್ಪಸವನ್ನು ಬಿಚ್ಚಿ ಹರಡಿದರೆ ಕಾಣುವುದು ಬಹುಮಟ್ಟಿಗೆ ಆಯತ, ಚೌಕ ಮತ್ತು ತ್ರಿಕೋನಗಳು. ದಡಿ ತೋಳಿನ ಅಂಚಿಗೆ ಬರುವಂತೆ ತುಂಡುಗಳನ್ನು ಹೊಂದಿಸುತ್ತಿದ್ದುದರಿಂದ ಅಲ್ಲಿ ಬಟ್ಟೆಯನ್ನು ಮಡಿಸಿ ಹೊಲಿಯುವ ಶ್ರಮ ಉಳಿಯುತ್ತಿತ್ತು, ನೂಲು ಬಿಚ್ಚಿಕೊಳ್ಳುವ ಭಯವೂ ಇರುತ್ತಿರಲಿಲ್ಲ. ಕಂಕುಳಿನಲ್ಲಿ ಒಂದು ಚೌಕ ತುಂಡನ್ನು ಓರೆಯಾಗಿ ಕೂಡಿಸಿದರೆ, ನೆಟ್ಟನೆಯ ಎಳೆಗಳಿಗೆ ಇಲ್ಲದ ಹಿಗ್ಗುವ ಗುಣ ಓರೆಗೆ ಇರುವುದರಿಂದ, ಬೀಸುವಾಗಲೂ ಕುಟ್ಟುವಾಗಲೂ ಕೈ ಸರಾಗವಾಗಿ ಎತ್ತಬಹುದಾಗಿತ್ತು. ಮುಂಭಾಗದಲ್ಲಿ ಗುಂಡಿಯಿಲ್ಲದೆ ಎರಡು ತುದಿಗಳನ್ನು ಗಂಟು ಹಾಕುವ ಪದ್ಧತಿಯಿಂದ, ಬಸಿರು ಬಾಣಂತನಗಳಲ್ಲಿ ಮೈ ಹೆಚ್ಚು ಕಡಿಮೆಯಾದರೂ ಅದೇ ಕುಪ್ಪಸ ನಡೆಯುತ್ತಿತ್ತು. ಅಳತೆಪಟ್ಟಿಯಿಲ್ಲದೆ ಗೇಣು, ಬೆರಳುಗಳಲ್ಲಿ ಅಳೆದು, ಚಿಂದಿ ಬಹಳ ಉಳಿಯದಂತೆ ಕತ್ತರಿಸುವ ಈ ವಿದ್ಯೆಯನ್ನು ಶುದ್ಧ ಜ್ಯಾಮಿತಿಯೆಂದು ಕರೆದರೆ ಅತಿಶಯೋಕ್ತಿಯಾಗದು. ಇದನ್ನು ಕಲಿಸಿದ ತಾಯಂದಿರಿಗೆ ಶಾಲೆಯ ಮುಖ ಗೊತ್ತಿರಲಿಲ್ಲವೆಂಬ ಕಾರಣಕ್ಕೆ ಅದನ್ನು ವಿದ್ಯೆಯೆಂದು ಎಣಿಸದೆ ಹೋದದ್ದು ನಮ್ಮ ಚರಿತ್ರೆಕಾರರಿಂದ ಆದ ದೊಡ್ಡ ಅನ್ಯಾಯ. ಉಡಿ ತುಂಬುವಾಗ ಅಕ್ಕಿ, ಅರಿಸಿನ, ಕುಂಕುಮಗಳೊಡನೆ ಖಣವನ್ನು ಹೊಲಿಯದೆಯೇ ಮಡಿಸಿ ಕೊಡುವ ಪದ್ಧತಿ, ಬಸುರಿಗೆ ಮಾಡುವ ಶಾಸ್ತ್ರವನ್ನೇ ಉತ್ತರ ಕರ್ನಾಟಕದಲ್ಲಿ ಕುಬಸವೆಂದು ಕರೆಯುವ ರೂಢಿ, ಇವೆರಡೂ ಈ ಪುಟ್ಟ ಉಡುಪಿಗೆ ಹೆಣ್ಣಿನ ಬದುಕಿನಲ್ಲಿದ್ದ ಸ್ಥಾನವನ್ನು ತೋರಿಸುತ್ತವೆ.

ಕೂಸಿಗೆ ಹೊದಿಸುವ ಕುಂಚಿಗೆ, ಅಂದರೆ ತಲೆಯಿಂದ ಬೆನ್ನಿನವರೆಗೆ ಇಳಿಬಿಡುವ ಟೊಪ್ಪಿಗೆ, ಮತ್ತು ಕುಲಾವಿಗಳೂ ಮನೆಯಲ್ಲೇ ಹೊಲಿಯಲ್ಪಟ್ಟವು. ಧಾರವಾಡ ಸೀಮೆಯ ಹೆಂಗಸರು ಸೀರೆ ಮತ್ತು ಕುಪ್ಪಸಗಳ ಮೇಲೆ ಎಳೆ ಎಣಿಸಿ ತೆಗೆಯುತ್ತಿದ್ದ ಕಸೂತಿಯ ಗಾವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ವಿಷಯ ಸಾಕಷ್ಟು ಪ್ರಸಿದ್ಧವಾದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಅಷ್ಟು ಗೌರವ ಸಿಗದೆ ಉಳಿದದ್ದು ಕೌದಿ. ಹರಿದ ಸೀರೆ, ಪಂಚೆ, ಅಂಗಿಗಳ ಗಟ್ಟಿ ಭಾಗಗಳನ್ನು ಆಯ್ದು, ಪದರ ಪದರವಾಗಿ ಹಾಸಿ, ಒಂದೇ ಸಮನೆ ಓಡುವ ಸಣ್ಣ ಹೊಲಿಗೆಯಿಂದ ಕೂಡಿಸಿದ ಈ ಹೊದಿಕೆಯಲ್ಲಿ ಮಗ್ಗದಿಂದ ಬಂದ ಬಟ್ಟೆಯ ಕೊನೆಯ ಗೇಣು ಕೂಡ ಕೆಲಸಕ್ಕೆ ಬಂತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಅಂಚಿನಿಂದ ಆರಂಭಿಸಿ, ತುಂಡಿನ ಮೇಲೆ ತುಂಡು ಸೇರಿಸುತ್ತ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೆ ‘ಫೂಲ’ ಎಂದು ಕರೆಯುವ, ತ್ರಿಕೋನವಾಗಿ ಮಡಿಸಿದ ಬಟ್ಟೆಯನ್ನು ಕೂಡಿಸದೆ ಕೌದಿ ಪೂರ್ಣವಾಗುವುದಿಲ್ಲ.

ಈ ಲೋಕಕ್ಕೆ ಯಂತ್ರ ಕಾಲಿಟ್ಟದ್ದು 19ನೆಯ ಶತಮಾನದ ಕೊನೆಯ ಭಾಗದಲ್ಲಿ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ತುದಿಯ ಬಳಿ ಇತ್ತು. ಸೂಜಿ ತನ್ನ ದಾರವನ್ನು ಬಟ್ಟೆಯ ಮೂಲಕ ತೂರಿಸಿದಾಗ ಇನ್ನೊಂದು ಬದಿಯ ಲಾಳಿಯ ದಾರ ಅದರೊಡನೆ ಸಿಕ್ಕಿಕೊಂಡು ಬಿಗಿಯುತ್ತಿತ್ತು. ಕೈಹೊಲಿಗೆಯ ಒಂದೇ ದಾರ ಒಂದು ಕಡೆ ಹರಿದರೆ ಉದ್ದಕ್ಕೂ ಸಡಿಲವಾಗುತ್ತದೆ, ಎರಡು ದಾರಗಳ ಈ ಹೊಲಿಗೆ ಹಾಗೆ ಸುಲಭವಾಗಿ ಬಿಚ್ಚುವುದಿಲ್ಲ. 1851ರಲ್ಲಿ ಐಸಾಕ್ ಸಿಂಗರ್ ಸುಧಾರಿಸಿದ ಯಂತ್ರವನ್ನು ಅವನ ಕಂಪನಿ ಕಂತಿನ ಮೇಲೆ ಮಾರತೊಡಗಿದ್ದರಿಂದ ಅದು ಲೋಕದ ಮೂಲೆಮೂಲೆಗೆ ತಲುಪಿತು. ಯಂತ್ರಗಳ ವ್ಯಾಮೋಹವನ್ನು ಕಟುವಾಗಿ ಟೀಕಿಸಿದ ಗಾಂಧೀಜಿಯವರು 1924ರಲ್ಲಿ ಪ್ರಕಟವಾದ ಒಂದು ಸಂವಾದದಲ್ಲಿ ಸಿಂಗರ್ ಯಂತ್ರಕ್ಕೆ ವಿನಾಯಿತಿ ನೀಡಿದ್ದು ಗಮನಾರ್ಹ. ಆ ಯಂತ್ರದ ಹಿಂದೆ ತನ್ನ ಹೆಂಡತಿಯ ಬೇಸರದ ದುಡಿಮೆಯನ್ನು ತಗ್ಗಿಸಬೇಕೆಂಬ ಸಿಂಗರನ ಪ್ರೀತಿಯಿತ್ತೆಂಬುದು ಗಾಂಧೀಜಿಯವರ ವಾದ. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ‘ಉಷಾ’ ಯಂತ್ರವನ್ನು ತಯಾರಿಸಿದ ಮೇಲೆ ಅದು ಮಧ್ಯಮ ವರ್ಗದ ಮನೆಗಳಿಗೆ ಎಟುಕಿತು, ಮಗಳಿಗೆ ಕೊಡುವ ಬಳುವಳಿಯಲ್ಲೂ ಸೇರಿತು.

ಯಂತ್ರ ತಂದ ವೇಗಕ್ಕಿಂತ ಅದರ ಜೊತೆಯಲ್ಲೇ ಬಂದ ಅಳತೆಪಟ್ಟಿ ಮನೆಹೊಲಿಗೆಯನ್ನು ಹೆಚ್ಚು ಬದಲಿಸಿತು. ಗಿರಣಿಯ ಅಗಲವಾದ ಬಟ್ಟೆ ಸುಲಭವಾಗಿ ದೊರೆತಾಗ ದಡಿಯನ್ನೂ ಅಗಲವನ್ನೂ ಗೌರವಿಸಿ ಕತ್ತರಿಸುವ ಅಗತ್ಯ ಕಡಿಮೆಯಾಯಿತು. ಎದೆ, ಸೊಂಟ, ಭುಜಗಳನ್ನು ಅಳೆದು, ಹಳೆಯ ಪತ್ರಿಕೆಯ ಹಾಳೆಯ ಮೇಲೆ ಆಕಾರ ಬರೆದು, ಬಾಗಿದ ಗೆರೆಯಲ್ಲಿ ಕತ್ತರಿಸಿ, ಮೈಯ ಉಬ್ಬುತಗ್ಗುಗಳಿಗೆ ಹೊಂದುವಂತೆ ಬಟ್ಟೆಯನ್ನು ಮೊನೆಯಾಗಿ ಹಿಡಿದು ಹೊಲಿಯುವ ಟಕ್ಸ್ ಹಾಕುವುದು ರೂಢಿಗೆ ಬಂತು. ಗಂಟಿನ ಕುಪ್ಪಸ ಹಿಂದೆ ಸರಿದು ಹುಕ್ಕಿನ ರವಿಕೆ ಮುಂದೆ ಬಂತು. ಮೈ ಬದಲಾದರೆ ರವಿಕೆ ಬಿಗಿಯಾಗುವ ತೊಡಕಿಗೆ ಮನೆಯವರು ಕಂಡುಕೊಂಡ ಉಪಾಯವೆಂದರೆ ಒಳಗೆ ಹೆಚ್ಚು ಬಟ್ಟೆ ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕಿ, ಬೇಕಾದಾಗ ಒಂದೊಂದನ್ನೇ ಬಿಚ್ಚುವುದು. ಹಳೆಯ ಮಿತವ್ಯಯದ ಬುದ್ಧಿ ಹೊಸ ಕಟ್ಟಿನಲ್ಲಿಯೂ ಹೀಗೆ ಬದುಕಿಕೊಂಡಿತು. ಇನ್ನೊಂದು ಬದಲಾವಣೆಯೂ ಆಯಿತು: ಯಂತ್ರವಿದ್ದ ಮನೆಯಾಕೆಗೆ ನೆರೆಹೊರೆಯವರು ತಮ್ಮ ಅಳತೆ ರವಿಕೆ ತಂದುಕೊಟ್ಟು ಕೂಲಿ ಕೊಟ್ಟರು, ಲೆಕ್ಕವಿಲ್ಲದ ಕೆಲಸಕ್ಕೆ ಮೊದಲ ಬಾರಿಗೆ ಲೆಕ್ಕ ಹುಟ್ಟಿತು. ವಿಧವೆಯರೂ ಗಂಡನ ಆಸರೆಯಿಲ್ಲದವರೂ ಮನೆಯ ಹೊಸ್ತಿಲು ದಾಟದೆ ಮಕ್ಕಳನ್ನು ಓದಿಸಿದ್ದು ಈ ಕೂಲಿಯಿಂದ. ಸರ್ಕಾರಗಳು ಇಂದಿಗೂ ಬಡ ಹೆಂಗಸರಿಗೆ ಹೊಲಿಗೆ ಯಂತ್ರ ಹಂಚುವುದರ ಹಿಂದೆ ಈ ಅನುಭವವಿದೆ.

ಇಂದು ಸಿದ್ಧ ಉಡುಪು ಮನೆಯ ಹೊಲಿಗೆಯನ್ನು ಬಹುತೇಕ ನುಂಗಿದೆ; ಬೆಂಗಳೂರಿನ ಉಡುಪು ಕಾರ್ಖಾನೆಗಳಲ್ಲಿ ಲಕ್ಷಾಂತರ ಹೆಂಗಸರು ಹೊಲಿಯುತ್ತಿದ್ದರೂ, ಅಲ್ಲಿ ಒಬ್ಬಾಕೆ ದಿನವಿಡೀ ಕಾಲರನ್ನೋ ತೋಳನ್ನೋ ಕೂಡಿಸುತ್ತಾಳೆಯೇ ಹೊರತು ಇಡೀ ಉಡುಪು ಅವಳ ಕೈಯಲ್ಲಿ ಮುಗಿಯುವುದಿಲ್ಲ. ರವಿಕೆಯೊಂದು ಇನ್ನೂ ಅಳತೆ ಕೊಟ್ಟು ಹೊಲಿಸುವ ಉಡುಪಾಗಿ ಉಳಿದಿದೆ. ಗಂಟಿನ ಕುಪ್ಪಸದ ಕತ್ತರಿಕೆಯನ್ನು ಬಲ್ಲ ಅಜ್ಜಿಯರು ಕಡಿಮೆಯಾಗುತ್ತಿದ್ದಾರೆ, ಆ ಕತ್ತರಿಕೆ ಪುಸ್ತಕಕ್ಕಿಂತ ಹೆಚ್ಚಾಗಿ ಕೈಯಿಂದ ಕೈಗೆ ಬಂದದ್ದು. ಹಳೆಯ ಪೆಟ್ಟಿಗೆಯಲ್ಲಿ ಅಂಥ ಕುಪ್ಪಸವೊಂದು ಉಳಿದಿರುವ ಮನೆಯವರು ಅದರ ಒಂದೊಂದು ತುಂಡಿನ ಉದ್ದಗಲವನ್ನು ಅಳೆದು, ಕಾಗದದ ಮೇಲೆ ಗೆರೆ ಎಳೆದು, ಹೊಲಿದವರ ಹೆಸರು ಮತ್ತು ಊರಿನೊಡನೆ ಬರೆದಿಡಬೇಕು. ನಮ್ಮ ವಸ್ತುಸಂಗ್ರಹಾಲಯಗಳೂ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳೂ ಈ ಕೆಲಸವನ್ನು ತಡಮಾಡದೆ ಕೈಗೆತ್ತಿಕೊಳ್ಳಬೇಕು.