ಕೋಳಿ ಮುಚ್ಚುವ ಹೊತ್ತು

ಬೇಲೂರು, ಸಕಲೇಶಪುರದ ಕಡೆ ಹಳೇ ಮನೆಗಳು ಅಲ್ಲೊಂದು ಇಲ್ಲೊಂದು ಇನ್ನೂ ನಿಂತಿವೆ. ಅಂಥ ಮನೆ ಕಂಡರೆ ಜಗಲಿಯ ಬುಡ ನೋಡಿ. ನೆಲದಿಂದ ಗೇಣು ಮೇಲೆ ಚೌಕನೆಯ ಒಂದು ಬಾಯಿ, ಅದಕ್ಕೆ ಒರಗಿಸಿದ ಚಪ್ಪಡಿ ಕಲ್ಲು ಸಿಗುತ್ತದೆ. ಈಗಿನ ಹುಡುಗರು ಅದರೊಳಗೆ ಚಪ್ಪಲಿ ಬಿಡುತ್ತಾರೆ. ಅದು ಕೋಳಿಗೂಡು. ಮನೆ ಕಟ್ಟುವಾಗಲೇ ಕೋಳಿಗೆಂದು ಪೊಳ್ಳು ಬಿಟ್ಟು ಜಗಲಿ ಎತ್ತುತ್ತಿದ್ದರು. ರಾತ್ರಿ ಮೇಲೆ ಮನೆಯ ಹಿರಿಯ ಮಲಗುತ್ತಿದ್ದ, ಕೆಳಗೆ ಕೋಳಿ. ಕಾಡುಬೆಕ್ಕು ಬಂದು ಚಪ್ಪಡಿ ಕೆರೆದರೆ ಮೊದಲು ಕೇಳಿಸಬೇಕಾದದ್ದು ಅವನ ಕಿವಿಗೆ. ಮುದುಕರ ನಿದ್ದೆ ತೆಳು ಎಂಬುದು ಕಟ್ಟಿದವರಿಗೆ ಗೊತ್ತಿತ್ತು.

ನಾನು ಪಶುಸಂಗೋಪನೆಯ ಕೆಲಸದಲ್ಲಿ ಈ ಸೀಮೆಯಲ್ಲೇ ಸವೆದವನು. ಊರಿನವರ ಬಾಯಲ್ಲಿ ‘ಡಾಕ್ಟ್ರು’. ಅಲ್ಲ ಅಂದರೂ ಬಿಡುತ್ತಿರಲಿಲ್ಲ. ಗಂಡಸರು ಕರೆಸುತ್ತಿದ್ದದ್ದು ಎಮ್ಮೆಗೆ, ಎತ್ತಿಗೆ. ಔಷಧಿ ಕೊಟ್ಟು ಹೊರಟಾಗ ಹಿತ್ತಿಲ ಬಾಗಿಲಿಂದ ಹೆಂಗಸರ ದನಿ ಬರುತ್ತಿತ್ತು: “ಡಾಕ್ಟ್ರೇ, ಕೋಳಿನ ಯಾವ್ದೋ ಹೊತ್ಕೊಂಡ್ ಹೋಯ್ತಾ ಅದೆ, ವಸಿ ನೋಡಿ.” ಕೋಳಿಯ ದುಡ್ಡು ಅವರದು. ಮೊಟ್ಟೆ ಮಾರಿದ ಕಾಸಿಗೆ ಗಂಡ ಲೆಕ್ಕ ಕೇಳುವಂತಿರಲಿಲ್ಲ. ಗೆಜೆಟಿಯರುಗಳು ಹುಲಿ ಚಿರತೆಗಳ ಬಗ್ಗೆ ಪುಟಗಟ್ಟಲೆ ಬರೆದವು. ಹಿತ್ತಿಲ ಕಳ್ಳರ ಚರಿತ್ರೆ ಬರೆಯುವವರು ಯಾರೂ ಸಿಗದೇ ಹೋದದ್ದಕ್ಕೆ ಕೋಳಿ ಹೆಂಗಸರ ಆಸ್ತಿಯಾಗಿದ್ದದ್ದೇ ಕಾರಣ ಎಂಬುದು ನನ್ನ ಅಂದಾಜು.

ಹೊತ್ತು ಮುಳುಗುವ ಮುಂಚೆ ಕೋಳಿ ಮುಚ್ಚುವುದು ಆಗ ಮಕ್ಕಳ ಪಾಲಿನ ಕೆಲಸ. ಮೇದರು ಹೆಣೆದ ಬಿದಿರಿನ ಪಂಜರ ಕವುಚಿ ಮೇಲೊಂದು ಕಲ್ಲು ಹೇರಬೇಕು, ಗೂಡಿದ್ದರೆ ಚಪ್ಪಡಿ ಸರಿಸಬೇಕು, ಎಣಿಸಬೇಕು. ಒಂದು ಕಮ್ಮಿಯಾದರೂ ಬೇಲಿ ಸಂದಿ ಹುಡುಕಿ ತರುವ ತನಕ ಊಟವಿಲ್ಲ. ಇನ್ನೂ ಮೇಲಕ್ಕೆ, ಮಳೆ ಜೋರಾದ ಕಡೆ, ಕೋಳಿಗೆ ಒಡ್ಡಿ ಎಂಬ ಬೇರೆಯೇ ಗೂಡು ಇರುತ್ತಿತ್ತು. ಹಗಲಿನ ಕಾವಲು ಮಾತ್ರ ಕೋಳಿಯದೇ. ಮೇಲೆ ಗಿಡುಗ ಸುಳಿದರೆ ಹುಂಜ ಕೂಗುವುದೇ ಬೇರೆ, ನೆಲದ ಮೇಲೆ ನಾಯಿಯೋ ಮುಂಗುಸಿಯೋ ಬಂದರೆ ಕೂಗುವುದೇ ಬೇರೆ. ಮೊದಲನೆಯದಕ್ಕೆ ಕೋಳಿಗಳೆಲ್ಲ ಪೊದೆಗೆ ನುಗ್ಗುತ್ತವೆ, ಎರಡನೆಯದಕ್ಕೆ ಕತ್ತೆತ್ತಿ ನಿಲ್ಲುತ್ತವೆ. ಪ್ರಾಣಿಗಳ ನಡವಳಿಕೆ ಓದುವ ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಒಲೆ ಮುಂದೆ ಕೂತ ಹೆಂಗಸು ಆ ದನಿ ಕೇಳಿಯೇ ಕಲ್ಲು ತಗೊಳ್ಳಬೇಕೋ ಕೋಲು ತಗೊಳ್ಳಬೇಕೋ ಎಂದು ತೀರ್ಮಾನಿಸುತ್ತಿದ್ದಳು.

ಮರಿಗಳ ಕಾಲದಲ್ಲಿ ಉಪಾಯಗಳು ಇನ್ನೂ ಹೆಚ್ಚು. ಹೂಮರಿಗಳಿಗೆ ಗುಲಾಬಿ ಬಣ್ಣ ಹಚ್ಚಿ ಬಿಡುವವರಿದ್ದರು, ಹದ್ದಿಗೆ ಗುರುತು ಸಿಗದಿರಲಿ ಅಂತ. ಗುರುತು ಸಿಗುತ್ತಿತ್ತು. ಆದರೆ ಪಕ್ಕದ ಮನೆಯವರ ಮರಿ ಯಾವುದು, ನಮ್ಮದು ಯಾವುದು ಎಂಬ ಜಗಳ ಅದರಿಂದ ತಪ್ಪುತ್ತಿತ್ತು. ಸತ್ತ ಕಾಗೆಯನ್ನು ಗಳಕ್ಕೆ ಕಟ್ಟಿ ನಿಲ್ಲಿಸುವುದು ಅದಕ್ಕಿಂತ ಕೆಲಸಕ್ಕೆ ಬರುತ್ತಿತ್ತು, ಒಂದಷ್ಟು ದಿನ ಕಾಗೆಗಳು ಆ ಹಿತ್ತಿಲಿಗೆ ಇಳಿಯುತ್ತಿರಲಿಲ್ಲ.

ಕಳ್ಳ ಯಾರೆಂದು ಹೇಳುವ ವಿದ್ಯೆಯನ್ನು ನಾನು ಪುಸ್ತಕದಲ್ಲಿ ಓದಿದವನಲ್ಲ. ಕಾಫಿ ತೋಟದ ಅಂಚಿನ ಒಂದು ಮನೆಯ ಅಜ್ಜಿ ಕಲಿಸಿದ್ದು. ಒಂದು ಬೆಳಿಗ್ಗೆ ಆಕೆಯ ಗೂಡಿನ ಮುಂದೆ ಎರಡು ಹೇಂಟೆ ಸತ್ತು ಬಿದ್ದಿದ್ದವು, ಮೂರನೆಯದು ಕಾಣೆ. ಸೊಸೆ ಗುಡಿಸಲು ಬಂದರೆ ಅಜ್ಜಿ ಪೊರಕೆ ಕಸಿದುಕೊಂಡಳು. ಕುಕ್ಕರಗಾಲಲ್ಲಿ ಕೂತು ಒಂದು ಹೇಂಟೆಯ ಕತ್ತಿನ ಪುಕ್ಕ ಬಿಡಿಸಿ ನೋಡಿದಳು. ತಲೆ ಇರಲಿಲ್ಲ, ಕತ್ತು ಅರ್ಧ ಜಗಿದಿತ್ತು, ಮೈ ಹಾಗೇ ಇತ್ತು. ಆಮೇಲೆ ಕತ್ತೆತ್ತಿ ಸೂರು ನೋಡಿದಳು. ಒಂದು ಹೆಂಚು ಬೆರಳಷ್ಟು ಸರಿದಿತ್ತು. “ಪುನುಗು ಕಣಪ್ಪಾ. ಮೇಲಿಂದ ಇಳಿದದೆ. ನಾನು ಬಾಗ್ಲು ಭದ್ರ ಮಾಡ್ಕೊಂಡು ಕೂತಿದ್ದೆ.” ಅವತ್ತೇ ಹೆಂಚಿನ ಕೆಳಗೆ ಬಿದಿರಿನ ತಡಿಕೆ ಬಿತ್ತು.

ಉಳಿದದ್ದನ್ನು ಆಕೆ ಆಗೀಗ ಹೇಳುತ್ತಿದ್ದಳು. ಹಗಲು ಹೊತ್ತಲ್ಲೇ ಕೊಂದು, ಕುತ್ತಿಗೆಯ ಹತ್ತಿರ ಮಾತ್ರ ತಿಂದಿದ್ದರೆ ಮುಂಗುಸಿ. ಅದು ರಕ್ತ ಹೀರುತ್ತದೆ ಎಂದು ಎಲ್ಲರೂ ನಂಬುತ್ತಾರೆ, ಹೀರುವುದಿಲ್ಲ. ಹಲ್ಲಿನ ಗಾಯ ಸಣ್ಣದು, ರಕ್ತ ಹೊರಗೆ ಅಷ್ಟಾಗಿ ಕಾಣದು, ಅಷ್ಟೆ. (ಇದೇ ಕುಲದ ಒಂಬತ್ತು ಮುಂಗುಸಿಗಳನ್ನು 1872ರಲ್ಲಿ ಕಲ್ಕತ್ತದಿಂದ ಜಮೈಕಾಕ್ಕೆ ಒಯ್ದು, ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು ಬಿಟ್ಟರು. ಅವು ಅಲ್ಲಿನ ಕೋಳಿಗೂಡುಗಳಿಗೂ ನುಗ್ಗಿದವು.) ಕೋಳಿ ಪೂರಾ ಮಾಯವಾಗಿ, ಪುಕ್ಕದ ಸಾಲು ಬೇಲಿ ದಾಟಿ ಹೋಗಿದ್ದರೆ ನರಿ ಇಲ್ಲವೇ ಕಾಡುಬೆಕ್ಕು. ಒಂದೇ ಕಡೆ ಪುಕ್ಕ ಸುತ್ತ ಚೆಲ್ಲಿದ್ದರೆ ಆಕಾಶದಿಂದ ಬಂದದ್ದು. ಮೊಟ್ಟೆ ಸಿಪ್ಪೆಯೂ ಇಲ್ಲದೆ ಹೋಗಿದ್ದರೆ ಹಾವು. ಕೋಳಿ ಸತ್ತು, ತಲೆಯಿಂದ ಕತ್ತಿನವರೆಗೆ ಪುಕ್ಕ ಜೊಲ್ಲಿಗೆ ಅಂಟಿಕೊಂಡಿದ್ದರೆ ಅದೂ ಹಾವೇ, ನುಂಗಲು ಹೋಗಿ ದಪ್ಪವೆಂದು ಉಗುಳಿದ್ದು. ಮರಿ ದಿನಕ್ಕೊಂದರಂತೆ ಕಮ್ಮಿಯಾಗಿ ಗೂಡಿನ ಮೂಲೆಯಲ್ಲಿ ಹೊಸ ಮಣ್ಣು ಕಂಡರೆ ಹೆಗ್ಗಣ.

1980ರ ದಶಕದ ಕೊನೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಗಿರಿರಾಜ ತಳಿ ಹಳ್ಳಿಗೆ ಬಂತು. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು, ಇದು 130ರಿಂದ 150 ಇಡುತ್ತಿತ್ತು. ಫಾರಂ ಕೋಳಿಯಂತೆ ಬಿಳಿ ಮಾಡದೆ ಬಣ್ಣ ಬಣ್ಣದ ಪುಕ್ಕ ಉಳಿಸಿದ್ದರು, ಪೊದೆಯಲ್ಲಿ ಮರೆಯಾಗಲಿ ಅಂತ. ಒಳ್ಳೆಯ ಯೋಚನೆಯೇ. ಆದರೆ ಮೈಭಾರ. ನಾಟಿ ಕೋಳಿ ಅಟ್ಟಿಸಿಕೊಂಡು ಬಂದರೆ ಹಲಸಿನ ಮರದ ಕೊಂಬೆ ಹಿಡಿಯುತ್ತದೆ, ಗಿರಿರಾಜ ಬೇಲಿಯನ್ನೂ ಹಾರಲಾರದು. ಕಾವು ಕೂರುವ ಗುಣವೂ ಕಮ್ಮಿ, ಹಾಗಾಗಿ ಮರಿಗಳು ತಾಯಿಯಿಲ್ಲದೆ ಡಬ್ಬದಲ್ಲಿ ಬರುತ್ತಿದ್ದವು. ರೆಕ್ಕೆಯಡಿ ಸೇರಿಸಿಕೊಳ್ಳುವವರಿಲ್ಲ, ಕೂಗಿ ಎಚ್ಚರಿಸುವವರಿಲ್ಲ. 2005ರಲ್ಲಿ ಬಂದ ಸ್ವರ್ಣಧಾರಾ ತಳಿ ಗಿರಿರಾಜಕ್ಕಿಂತ ತೂಕದಲ್ಲಿ ಕಮ್ಮಿ, ಮೊಟ್ಟೆಯಲ್ಲಿ ಹೆಚ್ಚು. ಕಾಡುಬೆಕ್ಕು, ನರಿಯಿಂದ ತಪ್ಪಿಸಿಕೊಳ್ಳುವುದರಲ್ಲೂ ಇದೇ ಮೇಲು ಎಂಬುದನ್ನು ಅದರ ಗುಣಗಳಲ್ಲಿ ಒಂದಾಗಿ ಹೇಳುತ್ತಾರೆ. ಹದಿನೈದಿಪ್ಪತ್ತು ವರ್ಷದಲ್ಲಿ ಕಾಲೇಜು ಕಲಿತ ಪಾಠವನ್ನು ಹಿತ್ತಿಲ ಹೆಂಗಸರು ಮೊದಲ ಮಳೆಗಾಲದಲ್ಲೇ ಹೇಳಿದ್ದರು, ಕೇಳಿಸಿಕೊಂಡವರು ಕಮ್ಮಿ.

ಅದೇ ಹೊತ್ತಿಗೆ ಮನೆಯೂ ಬದಲಾಯಿತು. ಮಕ್ಕಳು ಸಂಜೆ ಟ್ಯೂಷನ್ನಿಗೆ, ಹೆಂಗಸರು ಎಸ್ಟೇಟ್ ಕೆಲಸಕ್ಕೆ, ಜಗಲಿಗೆ ಗ್ರಿಲ್. ಕೋಳಿ ಮುಚ್ಚುವವರಿಲ್ಲದೆ ಎಲ್ಲರೂ ಜಾಲರಿ ತಂದರು. ಆರು ಮೂಲೆ ಕಣ್ಣಿನ ತೆಳ್ಳನೆಯ ಕೋಳಿ ಜಾಲರಿ 1844ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಚಾರ್ಲ್ಸ್ ಬರ್ನಾರ್ಡ್ ಎಂಬಾತ ಬಟ್ಟೆ ನೇಯುವ ಯಂತ್ರದ ಮಾದರಿಯಲ್ಲಿ ಮಾಡಿದ್ದು. ಅದು ಕೋಳಿಯನ್ನು ಒಳಗಿಡುತ್ತದೆ, ಕಳ್ಳನನ್ನು ಹೊರಗಿಡುವುದಿಲ್ಲ. ನಾಯಿ ಹಲ್ಲಲ್ಲಿ ಹರಿಯುತ್ತದೆ, ಮರಿ ಮುಂಗುಸಿ ಕಣ್ಣಿನಲ್ಲೇ ನುಸುಳುತ್ತದೆ. ಬೇಕಾದದ್ದು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಷ್. ಅದನ್ನೂ ಬುಡದಲ್ಲಿ ಒಂದಡಿ ಹೊರಕ್ಕೆ ಮಡಚಿ ಮಣ್ಣು ಮುಚ್ಚಬೇಕು, ಬಿಲ ತೋಡುವವರಿಗೆ ಅಲ್ಲೇ ತಡೆ.

ಈಗ ನನಗೆ ಬರುವ ದೂರುಗಳಲ್ಲಿ ಹೆಚ್ಚಿನವು ನಾಯಿಯದೇ. ಹತ್ತು ಕೋಳಿ ಕೊಂದು ಒಂದನ್ನೂ ತಿನ್ನದೆ ಹೋಗಿದ್ದರೆ ಕಾಡನ್ನು ಬೈಯಬೇಡಿ, ಬೀದಿ ನೋಡಿ. ಸುಮ್ಮನೆ ಚಿರತೆ ಎಂದು ಹುಯಿಲೆಬ್ಬಿಸಿ ಬೇಲಿಗೆ ಉರುಳು ಕಟ್ಟುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ. ಆ ಉರುಳಿಗೆ ಕೋಳಿಯ ಗೊಡವೆಗೇ ಬಾರದ ಪ್ರಾಣಿಗಳೂ ಬೀಳುತ್ತವೆ. ಕೋಳಿ ಹೋದ ಬೆಳಿಗ್ಗೆ ಉರುಳಿಗೆ ತಂತಿ ಹುಡುಕಬೇಡಿ. ಗೂಡು ಗುಡಿಸುವ ಮೊದಲು ಪುಕ್ಕ, ಕತ್ತು, ಸೂರು, ಬುಡ ನೋಡಿ, ತೂತು ಎಲ್ಲಿದೆಯೋ ಅಲ್ಲಿ ಜಾಲರಿ ಬಡಿಯಿರಿ. ಸಂಜೆ ಆರಕ್ಕೆ ಮನೆಯಲ್ಲಿ ಯಾರೂ ಇರುವುದಿಲ್ಲ ಅನ್ನುವುದಾದರೆ ಕೋಳಿ ಸಾಕಬೇಡಿ.