ಐಟಿ ಅಟ್ ಸ್ಕೂಲ್ ಗ್ನು/ಲಿನಕ್ಸ್

ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರುಗಳಿಗಾಗಿ ಸಿದ್ಧಪಡಿಸಿದ ಮುಕ್ತ ತಂತ್ರಾಂಶದ ಕಾರ್ಯಾಚರಣ ವ್ಯವಸ್ಥೆ. ಬೇರೆ ಬೇರೆ ಕಂಪನಿಗಳ ಹೊಸ, ಹಳೆಯ ಯಂತ್ರಗಳೆಲ್ಲಕ್ಕೂ ಡಿಸ್ಕಿನ ಪಡಿಯಚ್ಚಾದ ಒಂದೇ ಇಮೇಜ್‌ನಿಂದ ಹಾಕುವಂತೆ ಇದನ್ನು ರೂಪಿಸಲಾಗಿದೆ. ಇದರ ಹೊಣೆ ಈಗ ತಿರುವನಂತಪುರದ ಪೂಜಪ್ಪುರದಲ್ಲಿ ಮುಖ್ಯ ಕಚೇರಿ ಇರುವ ಕೈಟ್ ಸಂಸ್ಥೆಯದು. ಎರ್ನಾಕುಲಂ ಜಿಲ್ಲೆಯ ಇಡಪ್ಪಳ್ಳಿಯಲ್ಲಿ ಅದರ ಪ್ರಾದೇಶಿಕ ಸಂಪನ್ಮೂಲ ಕೇಂದ್ರವಿದೆ.

ಒಂದು ಕಂಪ್ಯೂಟರನ್ನು ಅಣಿಮಾಡಿ, ಅದರ ಡಿಸ್ಕನ್ನು ಇದ್ದಹಾಗೆ ನಕಲಿಸಿ ನೂರಾರು ಯಂತ್ರಗಳಿಗೆ ಇಳಿಸುವ ಪದ್ಧತಿ 1990ರ ದಶಕದಲ್ಲಿ ಬಳಕೆಗೆ ಬಂತು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಹುಟ್ಟಿದ 'ಘೋಸ್ಟ್' ತಂತ್ರಾಂಶ ಅದನ್ನು ಕಚೇರಿಗಳಲ್ಲಿ ಮನೆಮಾತಾಗಿಸಿತು. ಆದರೆ ಯಂತ್ರಗಳು ಒಂದೇ ಮಾದರಿಯವಾಗಿದ್ದರಷ್ಟೇ ಅದು ಸಲೀಸು. ವಿಂಡೋಸ್ ಎಕ್ಸ್‌ಪಿಯಲ್ಲಿ ಯಂತ್ರಾಂಶಕ್ಕೂ ಕರ್ನೆಲ್‌ಗೂ ನಡುವೆ 'ಹಾಲ್' ಎಂಬ ಪದರವಿತ್ತು. ಇಮೇಜ್‌ನಲ್ಲಿದ್ದ ಹಾಲ್ ಎದುರಿನ ಮದರ್‌ಬೋರ್ಡಿಗೆ ಹೊಂದದಿದ್ದರೆ ಕಂಪ್ಯೂಟರ್ ಶುರುವಾಗುವುದೇ ಇಲ್ಲ. ಡಿಸ್ಕ್ ನಿಯಂತ್ರಕದ ಡ್ರೈವರ್ ಇಲ್ಲದಿದ್ದರೆ ನೀಲಿ ಪರದೆ. ದೊಡ್ಡ ಕಂಪನಿಗಳು ಒಂದೇ ಮಾದರಿಯ ಯಂತ್ರಗಳನ್ನು ಸಗಟಾಗಿ ಕೊಂಡೋ, ಮಾದರಿಗೊಂದು ಇಮೇಜ್ ಇಟ್ಟುಕೊಂಡೋ ಈ ತೊಡಕನ್ನು ನಿಭಾಯಿಸಿದವು.

ಕೇರಳದ ಶಾಲೆಗಳಿಗೆ ಈ ಎರಡು ದಾರಿಗಳೂ ಇರಲಿಲ್ಲ. ಉಡುಪಿ ಸಮೀಪದ ಅದಮಾರಿನವರಾದ ವಿಜ್ಞಾನಿ ಯು.ಆರ್. ರಾವ್ ಅಧ್ಯಕ್ಷತೆಯ ಕಾರ್ಯಪಡೆಯ ಶಿಫಾರಸಿನಂತೆ 'ಐಟಿ ಅಟ್ ಸ್ಕೂಲ್' ಯೋಜನೆ 2001ರಲ್ಲಿ ಆರಂಭವಾಯಿತು. ಶಾಲೆಗಳಿಗೆ ಕಂಪ್ಯೂಟರುಗಳು ಬಂದದ್ದು ಸಂಸದರ, ಶಾಸಕರ ನಿಧಿಯಿಂದ, ಪಂಚಾಯಿತಿಯಿಂದ, ರಕ್ಷಕ-ಶಿಕ್ಷಕ ಸಂಘದಿಂದ, ಹೀಗೆ ಹತ್ತು ಕಡೆಯಿಂದ. ಒಂದೇ ಲ್ಯಾಬಿನಲ್ಲಿ ಅಕ್ಕಪಕ್ಕದ ಎರಡು ಯಂತ್ರಗಳು ಬೇರೆ ಬೇರೆ ಕಾಲದವಾಗಿರುವುದು ಸಾಮಾನ್ಯವಾಗಿತ್ತು.

ಅದೇ 2001ರ ಜುಲೈಯಲ್ಲಿ ಮುಕ್ತ ತಂತ್ರಾಂಶ ಚಳವಳಿಯ ಸ್ಥಾಪಕ ರಿಚರ್ಡ್ ಸ್ಟಾಲ್‌ಮನ್ ತಿರುವನಂತಪುರಕ್ಕೆ ಬಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ಭಾರತೀಯ ಸಂಸ್ಥೆಯನ್ನು ಉದ್ಘಾಟಿಸಿದರು. ಆದರೂ ಶಾಲೆಗಳ ಮೊದಲ ಐಟಿ ಪಠ್ಯಪುಸ್ತಕಗಳು ವಿಂಡೋಸನ್ನೇ ಆಧರಿಸಿದ್ದವು. ಒಂದು ಕಂಪನಿಯ ಸರಕನ್ನು ಸರಕಾರಿ ಪಠ್ಯ ಮಾಡುವುದಕ್ಕೆ ಶಿಕ್ಷಕರ ಸಂಘಟನೆಗಳಿಂದ ವಿರೋಧ ಬಂತು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯನ್ನು ಆಧರಿಸಿದ ಶಾಲಾ ಆವೃತ್ತಿ ರೂಪುಗೊಂಡದ್ದು ಈ ಒತ್ತಡದಿಂದಲೇ. 2008ರ ಹೊತ್ತಿಗೆ ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆ ಮುಕ್ತ ತಂತ್ರಾಂಶದ ಮೇಲೆಯೇ ನಡೆಯತೊಡಗಿತ್ತು. ಇಮೇಜ್ ಒಂದೇ ಇರಬೇಕೆಂಬ ಹಟಕ್ಕೆ ಪರೀಕ್ಷೆಯೇ ದೊಡ್ಡ ಕಾರಣವೆನ್ನಬೇಕು. ಪ್ರಾಯೋಗಿಕ ಪ್ರಶ್ನೆ ಕಂಪ್ಯೂಟರಿನಲ್ಲೇ ತೆರೆದುಕೊಳ್ಳುವಾಗ ಒಂದು ಶಾಲೆಯಲ್ಲಿ ಇರುವ ಮೆನು ಇನ್ನೊಂದರಲ್ಲಿ ಇಲ್ಲದಿದ್ದರೆ ಮಗುವಿಗೆ ಅನ್ಯಾಯವಾಗುತ್ತದೆ.

ಹೊಂದಾಣಿಕೆಯ ಗುಟ್ಟಿರುವುದು ಲಿನಕ್ಸ್ ಕರ್ನೆಲ್‌ನ ರಚನೆಯಲ್ಲಿ. ಸಾವಿರಾರು ಡ್ರೈವರುಗಳು ಬಿಡಿ ಮಾಡ್ಯೂಲುಗಳಾಗಿ ಇಮೇಜ್‌ನ ಜೊತೆಗೇ ಬರುತ್ತವೆ. ಯಂತ್ರ ಶುರುವಾದಾಗ ಪ್ರತಿ ಬಿಡಿಭಾಗವೂ ತಯಾರಕರ ಮತ್ತು ಮಾದರಿಯ ಸಂಖ್ಯೆಯನ್ನು ತಿಳಿಸುತ್ತದೆ. 'ಯುಡೆವ್' ಎಂಬ ತಂತ್ರಾಂಶ ಅದಕ್ಕೆ ಹೊಂದುವ ಮಾಡ್ಯೂಲನ್ನಷ್ಟೇ ಎತ್ತಿಕೊಳ್ಳುತ್ತದೆ. ಹಳೆಯ ಐಡಿಇ ಡಿಸ್ಕು 'ಎಚ್‌ಡಿಎ' ಎಂದೂ ಸಾಟಾ ಡಿಸ್ಕು 'ಎಸ್‌ಡಿಎ' ಎಂದೂ ಕಾಣುತ್ತಿದ್ದ ಕಾಲದಲ್ಲಿ, ಒಂದರಿಂದ ಮಾಡಿದ ನಕಲು ಇನ್ನೊಂದರಲ್ಲಿ ತನ್ನ ಡಿಸ್ಕನ್ನೇ ಕಾಣದೆ ನಿಂತುಬಿಡುತ್ತಿತ್ತು. ಹೆಸರಿನ ಬದಲು ಡಿಸ್ಕ್ ವಿಭಾಗದ ಯುಯುಐಡಿ ಗುರುತನ್ನು ಬಳಸಿದಾಗ ಆ ಕಾಟ ತಪ್ಪಿತು. ಎಲ್ಲ ಯಂತ್ರಗಳೂ ಹೀಗೆ ಒಗ್ಗುತ್ತವೆ ಎಂದಲ್ಲ. ಕೆಲವು ವೈಫೈ ಚಿಪ್ಪುಗಳಿಗೆ ಕಂಪನಿಯ ಫರ್ಮ್‌ವೇರನ್ನು ಪ್ರತ್ಯೇಕವಾಗಿ ಹಾಕಬೇಕಾಗುತ್ತದೆ. ಮುಂದೆ ಶಾಲಾ ಆವೃತ್ತಿಗೆ ತಳಹದಿಯಾದ ಉಬುಂಟುವಿನ ಮುಖ್ಯ ಡೆಸ್ಕ್‌ಟಾಪ್ ಆವೃತ್ತಿಯಂತೂ 17.10ರಿಂದ 32 ಬಿಟ್ ಯಂತ್ರಗಳಿಗೆ ಇಮೇಜ್ ಕೊಡುವುದನ್ನೇ ನಿಲ್ಲಿಸಿತು.

ಶಾಲಾ ಇಮೇಜ್‌ನಲ್ಲಿ ಪಾಠಕ್ಕೆ ಬೇಕಾದ ತಂತ್ರಾಂಶಗಳೆಲ್ಲ ಮೊದಲೇ ಸೇರಿರುತ್ತವೆ: ಗಣಿತಕ್ಕೆ ಜಿಯೋಜೀಬ್ರಾ, ರಸಾಯನಶಾಸ್ತ್ರಕ್ಕೆ ಕಾಲ್ಸಿಯಂ, ಆಕಾಶ ನೋಡಲು ಸ್ಟೆಲ್ಲೇರಿಯಂ, ನಕಾಶೆಗೆ ಕ್ಯೂಜಿಐಎಸ್, ಚಿತ್ರಕ್ಕೆ ಗಿಂಪ್ ಮತ್ತು ಇಂಕ್‌ಸ್ಕೇಪ್. 2017ರಲ್ಲಿ ಯೋಜನೆಯು ಕೈಟ್ ಎಂಬ ಸರಕಾರಿ ಕಂಪನಿಯಾಯಿತು. 2018ರಲ್ಲಿ ಶುರುವಾದ ಹೈಟೆಕ್ ಶಾಲಾ ಯೋಜನೆಯ 45,000 ತರಗತಿಗಳ ಲ್ಯಾಪ್‌ಟಾಪುಗಳಿಗೂ ಇದೇ ವ್ಯವಸ್ಥೆ ಹೋಯಿತು. 2019ರಲ್ಲಿ ಉಬುಂಟು 18.04 ಆಧರಿಸಿದ ಶಾಲಾ ಆವೃತ್ತಿ ಬಂದಾಗ, ಎರಡು ಲಕ್ಷ ಕಂಪ್ಯೂಟರುಗಳಲ್ಲಿ 3,000 ಕೋಟಿ ರೂಪಾಯಿ ಉಳಿಯುತ್ತದೆಂದು ಕೈಟ್ ಲೆಕ್ಕ ಕೊಟ್ಟಿತು. ಯಂತ್ರವೊಂದಕ್ಕೆ ಒಂದೂವರೆ ಲಕ್ಷದ ಪರವಾನಗಿ ಬೇಕಾಗುತ್ತಿತ್ತೆಂಬ ಊಹೆಯ ಮೇಲೆ ನಿಂತ ಲೆಕ್ಕವಿದು. ಅಷ್ಟು ದುಬಾರಿ ತಂತ್ರಾಂಶವನ್ನು ಯಾವ ಶಾಲೆಯೂ ಕೊಳ್ಳುತ್ತಿರಲಿಲ್ಲ. ಪರವಾನಗಿಯ ಅಂಜಿಕೆಯಿಲ್ಲದೆ ಶಾಲೆಯ ಇಮೇಜನ್ನೇ ಮಗುವಿನ ಮನೆಯ ಕಂಪ್ಯೂಟರಿಗೂ ಹಾಕಿಕೊಡಬಹುದಾದದ್ದು ಅದಕ್ಕಿಂತ ದೊಡ್ಡ ಲಾಭ.

ಇಮೇಜ್ ಹಾಕುವವರು ಶಿಕ್ಷಕರೇ. ಶಾಲೆಗೊಬ್ಬ ಐಟಿ ಸಂಯೋಜಕರು, ಅವರಿಗೆ ತರಬೇತಿ ಕೊಡಲು ಮಾಸ್ಟರ್ ಟ್ರೈನರುಗಳು. ಅವರೂ ತರಗತಿಯಿಂದಲೇ ಬಂದ ಶಿಕ್ಷಕರು. 2018ರಿಂದ 'ಲಿಟಲ್ ಕೈಟ್ಸ್' ಕ್ಲಬ್ಬಿನ ವಿದ್ಯಾರ್ಥಿಗಳೂ ಜೊತೆಗೂಡಿದರು. ಗುತ್ತಿಗೆದಾರರ ಕೈಗೆ ಒಪ್ಪಿಸಿದ್ದರೆ ಈ ವ್ಯವಸ್ಥೆ ಇಷ್ಟು ಕಾಲ ಬಾಳುತ್ತಿರಲಿಲ್ಲ.

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಕಾಸರಗೋಡು ಭಾಗದ ಕನ್ನಡ ಮಾಧ್ಯಮ ಶಾಲೆಗಳೂ ಈ ವ್ಯವಸ್ಥೆಯೊಳಗೇ ಇವೆ. ಡೆಬಿಯನ್, ಉಬುಂಟು ಭಂಡಾರಗಳಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು ಅಕ್ಷರಶೈಲಿಗಳು ಉಚಿತವಾಗಿ ಸಿಗುತ್ತವೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ 'ಕ' ಇರುವ ಕೀಲಿ ಮಲಯಾಳಕ್ಕೂ ಕನ್ನಡಕ್ಕೂ ಒಂದೇ. ಹಾಗಾಗಿ ಒಂದು ಭಾಷೆಯಲ್ಲಿ ಟೈಪಿಂಗ್ ಕಲಿತವರಿಗೆ ಇನ್ನೊಂದು ಬೇಗ ಕೈಗೆ ಹತ್ತುತ್ತದೆ. ಕನ್ನಡ ಮಾಧ್ಯಮದವರಿಗೆ ಬೇರೆ ಇಮೇಜ್ ಮಾಡಿದ್ದರೆ ಅದು ವರ್ಷ ಕಳೆದಂತೆ ಹಿಂದುಳಿಯುತ್ತಿತ್ತು. ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯನ್ನು ಕೇರಳದಲ್ಲಿ ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ ಈ ನಾಲ್ಕೂ ಭಾಷೆಗಳಲ್ಲಿ ಬರೆಯಬಹುದು.