ಬನವಾಸಿಯ ಮೋಹ ಮತ್ತು ಜೈನಕವಿ ಪಂಪ

ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ದೇಶಸಂಚಾರಕ್ಕೆ ಹೊರಟ ಅರ್ಜುನನು ಬನವಾಸಿ ನಾಡನ್ನು ಹೊಗುತ್ತಾನೆ. ವ್ಯಾಸಭಾರತದ ಅರ್ಜುನನ ಯಾತ್ರಾಪಥದಲ್ಲಿ ಗೋಕರ್ಣವಿದೆ, ಬನವಾಸಿಯಿಲ್ಲ. ಕಥೆಯ ನಡೆಗೂ ಅದು ಬೇಕಿಲ್ಲ. ಅಲ್ಲಿ ಯುದ್ಧವಿಲ್ಲ, ವಿವಾಹವಿಲ್ಲ. ಸುಭದ್ರೆಯಿರುವ ದ್ವಾರಕೆಯ ದಾರಿಯಲ್ಲಿ ನಾಯಕನನ್ನು ಕವಿಯೇ ಅಲ್ಲಿ ತಡೆದು ನಿಲ್ಲಿಸಿದ್ದಾನೆ.

ಸಾಗರ ಸೀಮೆಯಲ್ಲಿ ಹುಟ್ಟಿ ಗಳಗನಾಥದ ಬಳಿ ತುಂಗಭದ್ರೆಯನ್ನು ಸೇರುವ ವರದೆ ಬನವಾಸಿಯನ್ನು ಮೂರು ಕಡೆ ಬಳಸಿ ಹರಿಯುತ್ತದೆ. ಕದಂಬರ ಈ ರಾಜಧಾನಿಯನ್ನು ಪಂಪನಿಗೆ ಮೂರು ಶತಮಾನ ಮೊದಲೇ ಇನ್ನೊಬ್ಬ ಜೈನಕವಿ ವರ್ಣಿಸಿದ್ದನು. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯು ವರದೆಯ ಅಲೆಗಳ ಮೇಲಿನ ಹಂಸಪಂಕ್ತಿಯನ್ನು ನಗರದ ಒಡ್ಯಾಣವಾಗಿ ಕಾಣುತ್ತಾನೆ. ಆದರೆ ಅವನು ನೋಡುವುದು ಇಮ್ಮಡಿ ಪುಲಕೇಶಿಯ ಮುತ್ತಿಗೆಯ ಹೊತ್ತಿನಲ್ಲಿ. ಸೇನಾಸಮುದ್ರ ಸುತ್ತುವರಿದಾಗ ನೆಲದ ಕೋಟೆ ಜಲದುರ್ಗವಾಯಿತೆಂಬುದೇ ಅಲ್ಲಿನ ಚಮತ್ಕಾರ. ಅವನ ಬನವಾಸಿ ಸುಂದರವಾಗಿದೆ, ಗೆಲ್ಲಬೇಕಾದುದಾಗಿದೆ; ಅಲ್ಲಿ ಉಳಿಯುವ ಆಸೆ ಯಾರಿಗೂ ಇಲ್ಲ.

ಪಂಪನಲ್ಲಿರುವುದು ಆ ಆಸೆಯೇ. ಮಾವು, ಮಲ್ಲಿಗೆ, ಸಂಪಗೆ, ಕೋಗಿಲೆಗಳು ಯಾವ ವಸಂತವರ್ಣನೆಗೂ ಒಗ್ಗುವ ಕವಿಸಮಯದ ಸಾಮಗ್ರಿ. ಅವುಗಳಿಂದ ಕವಿ ಬನವಾಸಿಯನ್ನು ಕಣ್ಣಾರೆ ಕಂಡಿದ್ದನೆಂದು ಸಾಧಿಸಲಾಗದು. ಸಾಕ್ಷ್ಯವಿರುವುದು ಬೇರೆ ಕಡೆ. ತೆಂಕಣ ಗಾಳಿ ಸೋಕಿದರೆ, ಒಳ್ಳೆಯ ಹಾಡು ಕಿವಿಗೆ ಬಿದ್ದರೆ ಮನಸ್ಸು ಬನವಾಸಿಯನ್ನು ನೆನೆಯುತ್ತದೆ ಎನ್ನುತ್ತದೆ ಆ ಪದ್ಯದ ದನಿ. ಊರಿನಲ್ಲೇ ನಿಂತವನು ಊರನ್ನು ನೆನೆಯಬೇಕಾಗಿಲ್ಲ. ಕಥೆಯ ಅರ್ಜುನ ಬನವಾಸಿಯಲ್ಲಿದ್ದಾನೆ, ಮಾತು ಮಾತ್ರ ಅದನ್ನು ಬಿಟ್ಟುಬಂದವನದು. ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ, ನೂರಾರು ಮೈಲಿ ದೂರದಲ್ಲಿ ಕುಳಿತ ಕವಿಯ ದನಿ ಇಲ್ಲಿ ನಾಯಕನ ಬಾಯಿಂದ ಹೊರಬಿದ್ದಂತಿದೆ. ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನವು ತಾಯಿ ಅಬ್ಬಣಬ್ಬೆಯ ವಂಶವನ್ನು ಬೆಳ್ವೊಲದ ಅಣ್ಣಿಗೇರಿಗೆ ಸೇರಿಸುತ್ತದೆ. ಅಲ್ಲಿಂದ ಬನವಾಸಿ ದೂರವೇನಲ್ಲ. ಶಾಸನ ಕೊಡುವ ನೆರವು ಇಷ್ಟೇ. ಇದರ ಮೇಲೆ ಕವಿಯ ಬಾಲ್ಯವನ್ನೆಲ್ಲ ಕಟ್ಟುವುದು ದುಡುಕು.

ಇದಕ್ಕಿಂತ ತೊಡಕಿನ ಪ್ರಶ್ನೆ ಕವಿಯ ಧರ್ಮದ್ದು. ತ್ಯಾಗ, ಭೋಗ, ಅಕ್ಷರ, ಗೇಯ, ಗೋಷ್ಠಿಗಳಲ್ಲಿ ನುರಿತ ಅಲ್ಲಿನ ಜನರಂತೆ ಹುಟ್ಟಬೇಕು. ಅದಾಗದಿದ್ದರೆ ಅಲ್ಲಿನ ವನದಲ್ಲಿ ಮರಿದುಂಬಿಯೋ ಕೋಗಿಲೆಯೋ ಆಗಬೇಕೆಂಬುದು ಆ ಹಂಬಲ. ಮುಂದಿನ ಜನ್ಮವನ್ನು ಬಯಸಿ ಕಟ್ಟಿಕೊಳ್ಳುವ ಸಂಕಲ್ಪಕ್ಕೆ ಜೈನಶಾಸ್ತ್ರದ ಹೆಸರು ನಿದಾನ. ವ್ರತಿಯು ಕಳೆಯಬೇಕಾದ ಮೂರು ಶಲ್ಯಗಳಲ್ಲಿ ಅದೂ ಒಂದು. ಇಲ್ಲಿ ಬಯಸಿರುವುದಾದರೋ ತಿರ್ಯಗ್ಗತಿ! ದುಂಬಿ ಚತುರಿಂದ್ರಿಯ ಜೀವಿ, ಅದಕ್ಕೆ ಕಿವಿಯಿಲ್ಲ. ಬನವಾಸಿಯ ಗೇಯವನ್ನು ಕೇಳಬೇಕಾದರೆ ಪಂಚೇಂದ್ರಿಯದ ಕೋಗಿಲೆಯೇ ಆಗಬೇಕು. ಪಂಪನಿಗೆ ಈ ಲೆಕ್ಕ ತಿಳಿಯದ್ದೇನಲ್ಲ. ನೀಲಾಂಜನೆಯ ನೃತ್ಯದ ನಡುವೆ ಭೋಗದ ಅನಿತ್ಯವನ್ನು ಆದಿದೇವನಿಗೆ ಕಾಣಿಸಿದ, ಭವಾವಳಿಯ ಉದ್ದಕ್ಕೂ ರಾಗದ ಬಂಧನವನ್ನು ಬಿಡಿಸಿಟ್ಟ ಆದಿಪುರಾಣವೂ ಅದೇ 941ರ ಕೃತಿ. ಅದನ್ನು ಅವನು ಜಿನಾಗಮವೆಂದೂ ಭಾರತವನ್ನು ಲೌಕಿಕವೆಂದೂ ಬೇರ್ಪಡಿಸಿ ಹೇಳಿಕೊಂಡಿದ್ದಾನೆ. ಬನವಾಸಿಯ ಪದ್ಯಗಳನ್ನು ಅವನು ಇರಿಸಿದ್ದು ಲೌಕಿಕದಲ್ಲಿ.